ದೇವತೆಗಳ ಕೆಲಸ ಯಾರ ಪಾಲಿಗೆ? ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ,

‘ಮಹಾಕಾವ್ಯಗಳಿಗೆ ಸಿನಿಮಾದ ಅಪಚಾರ’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಇದರೊಳಗೆ ಇನ್ನೊಂದು ಒಳ್ಳೆಯ ಲೇಖನ ಅಡಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2004ರ ‘ಟ್ರಾಯ್’ ಚಿತ್ರವನ್ನು, ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಗ್ರೀಕ್ ಮಹಾಕಾವ್ಯ ‘ಇಲಿಯಡ್’ ಪಕ್ಕಕ್ಕಿಟ್ಟು ದೂರುಗಳ ಪಟ್ಟಿ ಮಾಡಿದ್ದೀರಿ: ಹತ್ತು ವರ್ಷದ ಯುದ್ಧ ಕೆಲವೇ ವಾರಗಳಲ್ಲಿ ಮುಗಿಯಿತು, ಸಾಯಬಾರದ ಮೆನೆಲಾಸ್ (ಟ್ರಾಯ್‌ನ ಪ್ಯಾರಿಸ್ ಕರೆದೊಯ್ದ ಹೆಲೆನಳ ಗಂಡ) ಸತ್ತ, ದೇವತೆಗಳೇ ಇಲ್ಲ, ಇತ್ಯಾದಿ. ಎಲ್ಲ ನಿಜ. ಆದರೆ ‘ಹೀಗೇಕೆ ಮಾಡಿದರು’ ಎಂದು ಒಮ್ಮೆಯೂ ಕೇಳದೆ, ‘ಹಣದಾಸೆ’ ಎಂಬ ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡಿದ್ದೀರಿ. ನಾಲ್ಕನೇ ಪ್ಯಾರಾಕ್ಕೆ ಓದುಗ ಆಕಳಿಸುತ್ತಾನೆ.

ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಯ ಪ್ರಸಂಗ ‘ಇಲಿಯಡ್’ನಲ್ಲಿಲ್ಲ, ಆ ಕಾವ್ಯ ಟ್ರಾಯ್‌ನ ರಾಜಕುಮಾರ ಹೆಕ್ಟರನ ಶವಸಂಸ್ಕಾರದೊಂದಿಗೆ ಮುಗಿಯುತ್ತದೆ. ಕುದುರೆಯ ಕಥೆ ವಿಸ್ತಾರವಾಗಿ ಬರುವುದು ರೋಮನ್ ಕವಿ ವರ್ಜಿಲನಲ್ಲಿ. ಇನ್ನೊಂದು, ‘ಹಿಂದಿನ ಕವಿಗಳು ಮೂಲವನ್ನು ಮುಟ್ಟುತ್ತಿರಲಿಲ್ಲ’ ಎಂಬ ವಾಕ್ಯ. ಕನ್ನಡದಲ್ಲಿ ಕೂತು ಇದನ್ನು ಬರೆಯಲು ಹೇಗೆ ಮನಸ್ಸು ಬಂತು? 941ರ ಸುಮಾರಿಗೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ ಮೇಲೆ ಅವನ ಹೆಂಡತಿಯನ್ನು ಐವರಿಗೆ ಹಂಚುವುದು ಹೇಗೆ?

ಇನ್ನು ನಿಮ್ಮ ಒಳ್ಳೆಯ ಸಾಲು: ದೇವತೆಗಳೇ ಇಲ್ಲ ಎಂಬುದು. ಅಲ್ಲೇ ಬೇರೂರಿ ನಿಲ್ಲಬೇಕಿತ್ತು. ದೇವತೆಗಳನ್ನು ತೆಗೆದರೆ ಅವರು ಮಾಡುತ್ತಿದ್ದ ಕೆಲಸವನ್ನು ಇನ್ಯಾರಾದರೂ ಮಾಡಲೇಬೇಕಲ್ಲ. ಗ್ರೀಕರ ದಂಡಿನ ಒಡೆಯ ಅಗಮೆಮ್ನಾನನ ಮೇಲೆ ಕತ್ತಿ ಹಿರಿಯುತ್ತಿದ್ದ ಗ್ರೀಕ್ ವೀರ ಅಕಿಲೀಸನನ್ನು ಕಾವ್ಯದಲ್ಲಿ ಕೂದಲು ಹಿಡಿದು ತಡೆಯುವವಳು ದೇವಿ ಅಥೀನಾ. ಚಿತ್ರದಲ್ಲಿ ತಡೆಯುವವಳು ಸೆರೆಸಿಕ್ಕ ಬ್ರಿಸೇಯಿಸ್. ಮೆನೆಲಾಸನೊಡನೆ ದ್ವಂದ್ವದಲ್ಲಿ ಸೋಲುತ್ತಿರುವ ಪ್ಯಾರಿಸನನ್ನು ಕಾವ್ಯದಲ್ಲಿ ದೇವಿ ಅಫ್ರೋಡೈಟಿ ಮಂಜು ಕವಿಸಿ ಎತ್ತಿಕೊಂಡು ಹೋಗಿ ಮಲಗುವ ಮನೆಯಲ್ಲಿ ಇಳಿಸುತ್ತಾಳೆ. ಚಿತ್ರದಲ್ಲಿ ಅವನು ತೆವಳಿ ಬಂದು ಅಣ್ಣನ ಕಾಲು ತಬ್ಬುತ್ತಾನೆ, ಅಣ್ಣ ಹೆಕ್ಟರ್ ಮೆನೆಲಾಸನನ್ನು ಇರಿಯುತ್ತಾನೆ. ಅಂದರೆ ಮೆನೆಲಾಸನ ಸಾವು ನಿಮ್ಮ ಪಟ್ಟಿಯ ಬೇರೊಂದು ದೂರಲ್ಲ, ಇದೇ ದೂರಿನ ಬಾಲ. ಮಗ ಹೆಕ್ಟರನ ಹೆಣ ಕೇಳಲು ಶತ್ರು ಅಕಿಲೀಸನ ಬಿಡಾರಕ್ಕೆ ಹೊರಟ ಟ್ರಾಯ್‌ನ ದೊರೆ ಪ್ರಿಯಮನಿಗೆ ಕಾವ್ಯದಲ್ಲಿ ಹರ್ಮೀಸ್ ದೇವ ದಾರಿ ತೋರಿಸುತ್ತಾನೆ. ಚಿತ್ರದ ಮುದುಕ ಯಾವ ದೇವರ ನೆರವೂ ಇಲ್ಲದೆ ಬರುತ್ತಾನೆ. ತನ್ನ ನೆಲ ತನಗೆ ಗೊತ್ತು ಅನ್ನುತ್ತಾನೆ. ಇಲ್ಲಿ ಚಿತ್ರವೇ ಗೆದ್ದಿದೆ ಎನ್ನುವವನು ನಾನು. ನೀವು ಒಪ್ಪಬೇಕಿಲ್ಲ, ವಾದಿಸಿ.

ಸೋತ ಜಾಗವೂ ಇದೆ. ಕಾವ್ಯದಲ್ಲಿ ಪ್ರಿಯಮ್ ಹೆಲೆನಳನ್ನು ದೂರುವುದಿಲ್ಲ, ಯುದ್ಧದ ಹೊಣೆಯನ್ನು ದೇವತೆಗಳ ತಲೆಗೆ ಕಟ್ಟುತ್ತಾನೆ. ದೇವತೆಗಳಿಲ್ಲದ ಕಡೆ ಆ ಹೊಣೆ ಹೊರಲು ಮನುಷ್ಯನೊಬ್ಬ ಬೇಕು. ಹಾಗಾಗಿ ಅಗಮೆಮ್ನಾನ್ ಅಪ್ಪಟ ಖಳನಾದ. ಖಳನಾದ ಮೇಲೆ ಅವನು ಪ್ರೇಕ್ಷಕರ ಕಣ್ಣೆದುರೇ ಸಾಯಬೇಕು. ಗೆದ್ದು ಊರಿಗೆ ಮರಳಿ ಹೆಂಡತಿಯ ಸಂಚಿಗೆ ಬಲಿಯಾಗುವ ಹಳೆಯ ಕಥೆಯವರೆಗೆ ಯಾರು ಕಾಯುತ್ತಾರೆ? ಬ್ರಿಸೇಯಿಸ್ ಅಲ್ಲೇ ಇರಿದು ಲೆಕ್ಕ ಚುಕ್ತಾ ಮಾಡುತ್ತಾಳೆ. ಶತ್ರುವಿಗೂ ಅಳುವ ಕಾವ್ಯಕ್ಕೆ ಇಂಥ ಸಲೀಸು ಲೆಕ್ಕ ಒಗ್ಗುವುದಿಲ್ಲ. ನಿಮ್ಮ ಸಿಟ್ಟಿಗೆ ನ್ಯಾಯವಾದ ಕಾರಣ ಇದು. ನೀವು ಬರೆದದ್ದು ಮಾತ್ರ ಇದನ್ನಲ್ಲ.

ಹಳೆಯ ಇಂಗ್ಲಿಷ್ ಕಾವ್ಯ ‘ಬೇವುಲ್ಫ್’ ಕುರಿತ ಪ್ಯಾರಾ ಬಿಡಿ. ಕಾವ್ಯದ ಎರಡು ಭಾಗಗಳ ನಡುವಿನ ಐವತ್ತು ವರ್ಷಗಳ ಬಿರುಕನ್ನು ಹೊಲಿಯಲು 2007ರ ಚಿತ್ರ ಡ್ರ್ಯಾಗನ್ನನ್ನು ನಾಯಕನ ಮಗನನ್ನಾಗಿಸಿದ್ದು ಬೇರೆಯೇ ಲೇಖನದ ವಸ್ತು. ಶೀರ್ಷಿಕೆಯಿಂದ ‘ಅಪಚಾರ’ ತೆಗೆಯಿರಿ, ತೀರ್ಪು ಬಾಗಿಲಲ್ಲೇ ಬೇಡ. ಆಮೇಲೆ ‘ಇಲಿಯಡ್’ನ 1, 3, 16 ಮತ್ತು 24ನೇ ಸರ್ಗಗಳನ್ನು ಎದುರಿಗಿಟ್ಟುಕೊಂಡು ಚಿತ್ರವನ್ನು ಇನ್ನೊಮ್ಮೆ ನೋಡಿ. ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಸಾವಿನಲ್ಲಿ ಅಪೋಲೊ ದೇವ ಮಾಡಿದ ಕೆಲಸ ಚಿತ್ರದಲ್ಲಿ ಯಾರ ಪಾಲಿಗೆ ಬಂತು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ನೀವೇ ಬರೆದು ಕಳಿಸಿ.

ಇತಿ,
ಸಂಪಾದಕ