ಇಸ್ಲಾಮಿಕ್ ಹಣಕಾಸು ಸಂಸ್ಥೆಗಳು ಮತ್ತು ಆ್ಯಪ್ ಆಧಾರಿತ ಗಿಗ್ ದುಡಿಮೆ: ಪಿಎಚ್.ಡಿ. ಮಾಡುವಷ್ಟು ಸರಕು ಇದೆಯೇ?

ಬಡ್ಡಿರಹಿತ ಇಸ್ಲಾಮಿಕ್ ಹಣಕಾಸು ಸಂಸ್ಥೆಗಳು ಆ್ಯಪ್ ನಂಬಿ ದುಡಿಯುವ ಬೈಕ್ ಸವಾರರಿಗೆ ಏನಾದರೂ ಮಾಡಿವೆಯೇ, ಅದರ ಮೇಲೆ ಸಂಶೋಧನೆ ನಡೆಸುವಷ್ಟು ವಿಷಯವಿದೆಯೇ, ಇದ್ದರೆ ಯಾವ ದೇಶವನ್ನು ಆರಿಸಿಕೊಳ್ಳಬೇಕು ಎಂದು ನೀವು ಕೇಳಿದ್ದೀರಿ. ವಿಷಯ ಧಾರಾಳವಾಗಿದೆ. ದೇಶದ ಮಾತಿಗೆ ಬಂದರೆ, ನಾನೇ ಕೆಲವು ತಿಂಗಳು ಕ್ಷೇತ್ರಕಾರ್ಯ ಮಾಡಿದ್ದರಿಂದ ಪಕ್ಷಪಾತ ಇರಬಹುದಾದರೂ, ಇಂಡೋನೇಷ್ಯಾ ಎಂದೇ ಹೇಳುತ್ತೇನೆ. ಪಾಕಿಸ್ತಾನದಲ್ಲಿ 2001ರಿಂದ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡುತ್ತಿರುವ ಅಖುವತ್ ಸಂಸ್ಥೆಯೂ ಅಧ್ಯಯನಕ್ಕೆ ಯೋಗ್ಯವೇ, ಆದರೆ ಅದರ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ.

ಇಂಡೋನೇಷ್ಯಾದಲ್ಲಿ ಬ್ಯಾಂಕ್ ಮುಅಮಲತ್ 1992ರಲ್ಲಿ ವಹಿವಾಟು ಆರಂಭಿಸಿತು. ಸರ್ಕಾರಿ ಒಡೆತನದ ಮೂರು ಶರೀಅ ಬ್ಯಾಂಕುಗಳು 2021ರ ಫೆಬ್ರವರಿಯಲ್ಲಿ ವಿಲೀನವಾಗಿ ಬ್ಯಾಂಕ್ ಶರೀಅ ಇಂಡೋನೇಷ್ಯಾ ಆದವು. ಬೀದಿಯಲ್ಲಿ ದುಡಿಯುವವನಿಗೆ ಇವೆರಡೂ ದೂರದ ಮಾತು. ಅವನ ಕೈಗೆ ಎಟಕುವುದು ಬಿಎಂಟಿ, ಅಂದರೆ ಬೈತುಲ್ ಮಾಲ್ ವತ್ ತಮ್ವೀಲ್ ಎಂಬ ಸಣ್ಣ ಸಹಕಾರಿ ಸಂಘ. ಹೆಸರಿನಲ್ಲೇ ಎರಡು ಕೈಗಳಿವೆ: ಒಂದು, ಬೈತುಲ್ ಮಾಲ್, ಜಕಾತ್ ಮತ್ತು ದಾನದ ಹಣವನ್ನು ಬಡವರಿಗೆ ಹಂಚುತ್ತದೆ, ಇನ್ನೊಂದು, ತಮ್ವೀಲ್, ವ್ಯಾಪಾರಿಗೆ ಬಂಡವಾಳ ಒದಗಿಸುತ್ತದೆ. ಆ್ಯಪ್ ಸವಾರ ಯಾವ ಕೈಯ ಮುಂದೆ ನಿಲ್ಲಬೇಕು, ಬಡವನಾಗಿಯೋ ವ್ಯಾಪಾರಿಯಾಗಿಯೋ ಎಂಬುದೇ ನಿಮ್ಮ ಪ್ರಬಂಧದ ಮೊದಲ ಪ್ರಶ್ನೆಯಾಗಬಹುದು. ಗೊಜೆಕ್ 2010ರಲ್ಲಿ ಜಕಾರ್ತಾದಲ್ಲಿ 20 ಸವಾರರ ಕಾಲ್ ಸೆಂಟರಾಗಿ ಶುರುವಾಗಿ 2015ರಲ್ಲಿ ಆ್ಯಪ್ ಆದಾಗ, ಅದುವರೆಗೆ ಬೀದಿ ಮೂಲೆಯ ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾಯುತ್ತಿದ್ದ ಒಜೆಕ್ (ಬೈಕ್ ಟ್ಯಾಕ್ಸಿ) ಸವಾರ 'ಒಜೊಲ್', ಅಂದರೆ ಆನ್‌ಲೈನ್ ಒಜೆಕ್, ಆದ. ಆದರೆ ಬಿಎಂಟಿಯ ಅರ್ಜಿ ನಮೂನೆ ಸಂತೆಯ ತರಕಾರಿ ವ್ಯಾಪಾರಿಯನ್ನು ಕಣ್ಣಮುಂದಿಟ್ಟುಕೊಂಡೇ ಉಳಿಯಿತು.

ಇದನ್ನು ನಾನು ಜಾವಾ ದ್ವೀಪದ ಯೋಗ್ಯಕರ್ತ ನಗರದ ಒಂದು ಬಿಎಂಟಿ ಕಚೇರಿಯಲ್ಲಿ ಕುಳಿತು ನೋಡಿದ್ದೇನೆ. ಹಸಿರು ಜಾಕೆಟ್ ತೊಟ್ಟ ಸವಾರನೊಬ್ಬ ಎರಡು ಟೈರ್ ಮತ್ತು ಬ್ಯಾಟರಿಗೆ ಹಣ ಕೇಳಲು ಬಂದಿದ್ದ. ಗುಮಾಸ್ತೆ ಅಂಗಡಿ ಎಲ್ಲಿ ಎಂದು ಕೇಳಿದರು, ಅಂಗಡಿ ಇಲ್ಲ. ಸಂಬಳದ ಚೀಟಿ? ಅದೂ ಇಲ್ಲ. ಅವನು ಫೋನ್ ತೆರೆದು ವಾರದ ಗಳಿಕೆಯನ್ನು ದಿನದಿನಕ್ಕೆ, ಟ್ರಿಪ್ ಟ್ರಿಪ್‌ಗೆ ತೋರಿಸಿದ. ಅವರು ಅದನ್ನು ಸಾವಧಾನವಾಗಿ ನೋಡಿ, ಉದ್ಯೋಗದ ಕಾಲಂನಲ್ಲಿ 'ಇತರೆ' ಎಂದು ಬರೆದುಕೊಂಡು, ಬಿಪಿಕೆಬಿ ಇದೆಯೇ ಎಂದು ಕೇಳಿದರು. ವಾಹನದ ಒಡೆತನದ ಆ ಪುಸ್ತಕವೇ ಅಲ್ಲಿ ಸಣ್ಣ ಸಾಲಗಳಿಗೆ ಸಾಮಾನ್ಯವಾದ ಅಡಮಾನ. ಬೈಕ್ ಇನ್ನೂ ಕಂತಿನಲ್ಲಿದ್ದುದರಿಂದ ಪುಸ್ತಕ ಸಾಲ ಕೊಟ್ಟ ಕಂಪನಿಯ ಬಳಿ ಇತ್ತು. ಕೊನೆಗೆ ಅತ್ತೆಯ ಹೆಸರಿನ ಹಳೆಯ ಸ್ಕೂಟರಿನ ಪುಸ್ತಕ ತಂದ ಮೇಲೆ ಮುರಾಬಹ ಒಪ್ಪಂದವಾಯಿತು. ಸಂಘವೇ ಸಾಮಾನು ಕೊಂಡು ಲಾಭ ಸೇರಿಸಿ ಕಂತಿನ ಮೇಲೆ ಮಾರುವುದು ಮುರಾಬಹ. ವಾಸ್ತವದಲ್ಲಿ ಹಣವನ್ನು ಅವನ ಕೈಗೇ ಕೊಟ್ಟು, ನೀನೇ ಕೊಂಡು ರಸೀದಿ ತಾ ಎಂದರು. ಹೀಗೆ ಗಿರಾಕಿಯನ್ನೇ ಏಜೆಂಟನನ್ನಾಗಿ ಮಾಡಿದರೆ, ಸಾಮಾನು ಸಂಸ್ಥೆಯದ್ದಾದ ನಂತರವೇ ಮಾರಾಟದ ಒಪ್ಪಂದವಾಗಬೇಕು ಎಂದು ಅಲ್ಲಿನ ಉಲೇಮಾ ಮಂಡಳಿಯ ಶರೀಅ ಸಮಿತಿ 2000ರಲ್ಲಿ ಹೊರಡಿಸಿದ 4ನೇ ಫತ್ವಾ ಸ್ಪಷ್ಟವಾಗಿ ಹೇಳುತ್ತದೆ. ನನ್ನ ಕಣ್ಣೆದುರಿಗೆ ಏಜೆಂಟಿಕೆಯ ಮತ್ತು ಮಾರಾಟದ ಎರಡೂ ಕಾಗದಗಳಿಗೆ ಒಂದೇ ಪೆನ್ನಿನಲ್ಲಿ, ಒಂದೇ ನಿಮಿಷದಲ್ಲಿ ಸಹಿ ಬಿತ್ತು.

ಇಲ್ಲಿಂದ ಮುಂದಿನದೇ ನನಗೆ ಮುಖ್ಯವೆನಿಸುವ ಮಾತು. ಇಸ್ಲಾಮಿಕ್ ಹಣಕಾಸಿನ ಆದರ್ಶ ಮುದಾರಬ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಮೊದಲೇ ಗೊತ್ತುಮಾಡಿದ ಪ್ರಮಾಣದಲ್ಲಿ ಲಾಭದ ಹಂಚಿಕೆ, ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣದ ನಷ್ಟವೆಲ್ಲ ಬಂಡವಾಳ ಹಾಕಿದವನದು. ಇದನ್ನು ಬಿಟ್ಟು ಮುರಾಬಹಕ್ಕೆ ಜೋತುಬಿದ್ದಿರುವುದೇಕೆ ಎಂದು ಕೇಳಿದಾಗಲೆಲ್ಲ ಸಂಸ್ಥೆಗಳು ಕೊಡುವ ಉತ್ತರ ಒಂದೇ: ಸಣ್ಣ ವ್ಯಾಪಾರಿ ಲೆಕ್ಕ ಇಡುವುದಿಲ್ಲ, ನಿಜವಾದ ಲಾಭ ನಮಗೆ ತಿಳಿಯುವುದಿಲ್ಲ. ಒಜೊಲ್ ಸವಾರನ ವಿಷಯದಲ್ಲಿ ಈ ನೆಪ ನಿಲ್ಲುವುದಿಲ್ಲ, ಅವನ ಪ್ರತಿ ಟ್ರಿಪ್ಪಿಗೂ ಲೆಕ್ಕವಿದೆ. ಆದರೆ ಆ ಲೆಕ್ಕದ ಯಜಮಾನ ಅವನಲ್ಲ, ಕಂಪನಿ. ಪೆಟ್ರೋಲು, ರಿಪೇರಿ, ಕಾಯುವ ಹೊತ್ತು ಅದರಲ್ಲಿ ಕಾಣುವುದೂ ಇಲ್ಲ. ಅಷ್ಟೇ ಅಲ್ಲ, ಮುದಾರಬದಲ್ಲಿ ವ್ಯವಹಾರ ನಡೆಸುವ ಸ್ವಾತಂತ್ರ್ಯ ದುಡಿಯುವವನಿಗಿರಬೇಕು. ದರವನ್ನೂ ಗಿರಾಕಿಯನ್ನೂ ಆ್ಯಪ್ ಗೊತ್ತುಮಾಡುವಾಗ ಅವನನ್ನು ಸ್ವತಂತ್ರ ಉದ್ಯಮಿ ಎನ್ನುವುದು ಹೇಗೆ?

ಇಂಡೋನೇಷ್ಯಾದಲ್ಲಿ ಸವಾರನನ್ನು ನೌಕರ ಎನ್ನದೆ 'ಮಿತ್ರ' ಎಂದು ಕರೆಯುತ್ತಾರೆ. ನಮ್ಮದೇ ಸಂಸ್ಕೃತದ ಮಿತ್ರ, ಅಲ್ಲಿ ಅದಕ್ಕೆ ಪಾಲುದಾರ ಎಂಬರ್ಥ. ಬೈಕು, ಪೆಟ್ರೋಲು, ಅಪಘಾತ ಎಲ್ಲವೂ ಮಿತ್ರನ ತಲೆಯ ಮೇಲೆ; ಕಂಪನಿಯ ಕಡಿತಕ್ಕೆ 2022ರ ಸರ್ಕಾರಿ ಆದೇಶ ಹಾಕಿದ ಮಿತಿ ಒಟ್ಟು ಶೇ 20, ಅದನ್ನು ಶೇ 10ಕ್ಕೆ ಇಳಿಸಿ ಎಂದು ಸವಾರರು 2025ರ ಮೇ ತಿಂಗಳಲ್ಲಿ ಬೀದಿಗಿಳಿದರು. ನಷ್ಟವೆಲ್ಲ ದುಡಿಯುವವನದಾದ ಇಂಥ ಪಾಲುದಾರಿಕೆಯನ್ನು ಶರೀಅ ಲೆಕ್ಕದಲ್ಲಿ ಯಾವ ಒಪ್ಪಂದವೆನ್ನಬೇಕು ಎಂದು ಬಿಎಂಟಿಯವರನ್ನು ಕೇಳಿ ನೋಡಿ. ನನಗೆ ಸಿಕ್ಕಿದ್ದು ಹೆಚ್ಚಾಗಿ ನಗು ಮತ್ತು ಸಿಹಿ ಚಹಾ.

ಕರ್ನಾಟಕಕ್ಕೆ ಇದನ್ನು ತಂದು ಹೋಲಿಸಬಹುದೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ನೇರ ಹೋಲಿಕೆ ಕಷ್ಟ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಬ್ಯಾಂಕುಗಳು ಸರಕು ಕೊಂಡು ಮಾರುವುದನ್ನು ನಿಷೇಧಿಸುವುದರಿಂದ ಮುರಾಬಹಕ್ಕೆ ಇಲ್ಲಿ ದಾರಿಯಿಲ್ಲ, ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ತಿಳಿಸಿದೆ. ಉಳಿಯುವುದು ಬಡ್ಡಿರಹಿತ ಸಹಕಾರಿ ಸಂಘಗಳು ಮತ್ತು ಮಸೀದಿಗಳ ಬೈತುಲ್ ಮಾಲ್‌ಗಳು. 2019ರಲ್ಲಿ ಶಿವಾಜಿನಗರದಲ್ಲಿ 'ಹಲಾಲ್ ಹೂಡಿಕೆ'ಯ ಹೆಸರಿನಲ್ಲಿ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿದ ಮೇಲೆ, ಬೆಂಗಳೂರಿನಲ್ಲಿ ಈ ಮಾತೆತ್ತಿದರೆ ಜನ ಮೊದಲು ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಒಂದು ಎಳೆ ಮಾತ್ರ ನಿಜವಾಗಿ ಕೂಡುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ವಸೂಲು ಮಾಡಲು ಅವಕಾಶ ಕೊಟ್ಟು, ಆ ಪಾವತಿಗಳನ್ನು ಪರಿಶೀಲಿಸುವ ವ್ಯವಸ್ಥೆಯನ್ನೂ ಕಲ್ಪಿಸಿದೆ. ಅಂದರೆ ಗಳಿಕೆಯ ಲೆಕ್ಕ ಕಂಪನಿಯ ಗೋಡೆ ದಾಟಿ ಹೊರಬರುವ ದಾರಿ ಇಲ್ಲಿ ಕಾನೂನಿನಲ್ಲಿ ತೆರೆದಿದೆ, ಮೀಟರ್ ಬಡ್ಡಿಗೆ ಸಿಕ್ಕಿದ ಸವಾರನೊಬ್ಬ ಆ ದಾಖಲೆ ಹಿಡಿದು ಬಡ್ಡಿರಹಿತ ಸಂಘದ ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದನ್ನು ನೀವು ಇಲ್ಲೇ ಪರೀಕ್ಷಿಸಬಹುದು.

ಜಾವಾಕ್ಕೆ ಹೋಗುವುದಾದರೆ ಆರು ತಿಂಗಳು ಮೊದಲೇ ಇಂಡೋನೇಷ್ಯಾ ಭಾಷೆ ಕಲಿಯಲು ಶುರು ಮಾಡಿ, ದುಭಾಷಿಯ ಮುಂದೆ ಯಾರೂ ಸಾಲದ ಮಾತಾಡುವುದಿಲ್ಲ. ಸವಾರರ ಬಳಿ ತಿಂಗಳ ಆದಾಯ ಕೇಳಬೇಡಿ. ನಿನ್ನೆ ಎಷ್ಟು ಹೊತ್ತು ಓಡಿಸಿದಿರಿ, ಪೆಟ್ರೋಲಿಗೆ ಎಷ್ಟು ಹೋಯಿತು, ಮನೆಗೆ ಎಷ್ಟು ತಂದಿರಿ ಎಂದು ಕೇಳಿ. ಊಟದ ಹೊತ್ತಿನ ಆರ್ಡರುಗಳು ಮುಗಿದು ಸಂಜೆಯವು ಶುರುವಾಗುವ ಮುಂಚೆ, ಮಧ್ಯಾಹ್ನ 2ರಿಂದ 4ರೊಳಗೆ, ಅವರು ಮರದ ನೆರಳಿನಲ್ಲಿ ಸಿಗುತ್ತಾರೆ.