ಸಂತೆಯಲ್ಲಿ ಚರ್ಚೆ ಹುಟ್ಟಿಸಲು ಎಂಥ ಸ್ಪೀಕರ್ ಬೇಕು?

ಊರಿನ ಸದ್ದುಗಳನ್ನೂ ಜನರ ಮಾತನ್ನೂ ಧ್ವನಿಮುದ್ರಿಸಿ, ಸಂತೆಯಲ್ಲಿ ಕೇಳಿಸಿ ರಾಜಕೀಯ ಚರ್ಚೆ ಹುಟ್ಟಿಸಲು ಯಾವ ಸ್ಪೀಕರ್ ಒಳ್ಳೆಯದೆಂದು ಕೇಳಿದ್ದೀರಿ. ನಾನೂ ಗೆಳೆಯರೂ ಕೋಲಾರ ಜಿಲ್ಲೆಯ ಪಟ್ಟಣವೊಂದರಲ್ಲಿ ಕುಡಿಯುವ ನೀರಿನ ವಿಷಯವಾಗಿ ಇದನ್ನೇ ಮಾಡಿದ್ದೆವು. ಟ್ಯಾಂಕರಿನ ಹಾರ್ನ್ ಸದ್ದು, ಸಾಲಿನಲ್ಲಿಟ್ಟ ಪ್ಲಾಸ್ಟಿಕ್ ಕೊಡಗಳ ತಾಕಲಾಟ, ಬರೀ ಗಾಳಿ ಉಗುಳುವ ನಲ್ಲಿ, ನಡುನಡುವೆ ಹೆಂಗಸರ ಮಾತು. ಆಟೋಗೆ ಸ್ಪೀಕರ್ ಕಟ್ಟಿ ಹಾಕಿದಾಗ ಅರ್ಧ ಸಂತೆ ಚುನಾವಣಾ ಪ್ರಚಾರವೆಂದು ತಿಳಿದು ತಿರುಗಿಯೂ ನೋಡಲಿಲ್ಲ. ಅದು ದೊಡ್ಡ ನಷ್ಟವಲ್ಲ.

ನಷ್ಟವಾದದ್ದು ನನ್ನ ಕತ್ತರಿಯಿಂದ. ಒಬ್ಬ ಹೆಂಗಸು ನೀರು ಬಿಡದವರನ್ನು ಬೈದ ಮೇಲೆ, ತಮ್ಮ ಬೀದಿಯ ಅನುಕೂಲಸ್ಥರೇ ಕೊಳಾಯಿಗೆ ನೇರವಾಗಿ ಮೋಟಾರು ಹಾಕಿ ನೀರೆಳೆಯುತ್ತಾರೆ ಎಂದೂ ಹೇಳಿದ್ದರು. ಆ ಭಾಗವನ್ನು ನಾನು ತೆಗೆದುಹಾಕಿದೆ. ಅಧಿಕಾರಿಗಳ ಮೇಲಿನ ದೂರು ಮೊನಚಾಗಿರಲಿ, ಬೀದಿಯೊಳಗೆ ಜಗಳವಾಗದಿರಲಿ, ಒಟ್ಟು ಧ್ವನಿಮುದ್ರಣ ಚಿಕ್ಕದಾಗಲಿ ಎಂಬ ಮೂರೂ ಕಾರಣಗಳು ಆಗ ನನಗೆ ಸರಿಯೆನಿಸಿದ್ದವು. ನೆರೆಹೊರೆಯವರು ಪರಸ್ಪರ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಆ ಮಾತಿನಲ್ಲೇ ಇತ್ತು. ಅದನ್ನು ಕತ್ತರಿಸಿದ ಮೇಲೆ ಉಳಿದದ್ದು ಎಲ್ಲರೂ ಒಪ್ಪಿ ಮುಂದೆ ಹೋಗಬಹುದಾದ ಅಹವಾಲು. ಸೊಪ್ಪಿನ ಅಂಗಡಿಯ ಮುಂದೆ ನಿಂತು ತಮ್ಮ ದನಿ ಕೇಳಿಸಿಕೊಂಡ ಆಕೆ, "ನಾನು ಹೇಳಿದ್ದು ಇಷ್ಟೇ ಅಲ್ವಲ್ಲ ಸ್ವಾಮಿ, ಮಿಕ್ಕಿದ್ದೆಲ್ಲಿ?" ಎಂದರು. ಆಮೇಲೆ ಆ ಬೀದಿಯಲ್ಲಿ ಯಾರೂ ನಮ್ಮ ರೆಕಾರ್ಡರಿನ ಮುಂದೆ ಬಾಯಿ ಬಿಡಲಿಲ್ಲ.

ಚರ್ಚೆ ಹುಟ್ಟುವುದು ಕತ್ತರಿಸದ ಮಾತಿನಿಂದ, ಸ್ಪೀಕರಿನಿಂದಲ್ಲ. ಆದ್ದರಿಂದ ಸ್ಪೀಕರನ್ನೇ ಕೊಳ್ಳಬೇಡಿ. 2011ರಲ್ಲಿ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ಅಮೆರಿಕದ ಹಣಕಾಸು ವ್ಯವಹಾರದ ಕೇಂದ್ರವಾದ ವಾಲ್ ಸ್ಟ್ರೀಟಿನ ವಿರುದ್ಧ ಧರಣಿ ಕೂತವರಿಗೆ ಧ್ವನಿವರ್ಧಕ ಬಳಸುವಂತಿರಲಿಲ್ಲ. ಒಬ್ಬರಾಡಿದ ತುಂಡು ಮಾತನ್ನು ಸುತ್ತಲಿನವರೆಲ್ಲ ಒಟ್ಟಾಗಿ ಪುನರುಚ್ಚರಿಸಿ ಹಿಂದಿನವರಿಗೆ ಮುಟ್ಟಿಸುತ್ತಿದ್ದರು. ತನಗೆ ಒಪ್ಪಿಗೆಯಿಲ್ಲದ ಮಾತನ್ನೂ ತನ್ನ ಬಾಯಿಂದಲೇ ಹೇಳಬೇಕಾದ ಆ ಏರ್ಪಾಡು ನನಗೆ ಯಾವ ಯಂತ್ರಕ್ಕಿಂತಲೂ ಮೇಲೆನಿಸುತ್ತದೆ. ಹಾಗೆಂದು ಸದ್ದೇ ಪ್ರಜಾಪ್ರಭುತ್ವವನ್ನು ತರುತ್ತದೆಂದು ನಂಬುವುದೂ ಬೇಡ. ಚಿಲಿಯಲ್ಲಿ 1971ರಲ್ಲಿ ಅಧ್ಯಕ್ಷ ಅಯೆಂದೆಯ ಚುನಾಯಿತ ಸರ್ಕಾರದ ವಿರೋಧಿಗಳು ಪಾತ್ರೆ ಬಡಿದರು, 1983ರಲ್ಲಿ ಪಿನೊಚೆಯ ಸೇನಾಡಳಿತದ ವಿರುದ್ಧವೂ ಜನ ಪಾತ್ರೆಯನ್ನೇ ಬಡಿದರು.

ನಿಮ್ಮ ಸಂತೆಯಲ್ಲಾದರೆ ಒಬ್ಬರ ಮಾತನ್ನು ಕತ್ತರಿಸದೆ, ಮೊದಲು ಅವರಿಗೇ ಕೇಳಿಸಿ ಒಪ್ಪಿಗೆ ಪಡೆದು, ಟೀ ಅಂಗಡಿಯ ಬೆಂಚಿನ ಮೇಲೆ ಫೋನಿನಿಂದಲೇ ಕೇಳಿಸಿ. ಯಾರಾದರೂ ಅಡ್ಡಬಾಯಿ ಹಾಕಿದ ಕೂಡಲೇ ಧ್ವನಿಮುದ್ರಣವನ್ನು ನಿಲ್ಲಿಸಿ ಅವರಿಗೆ ಮಾತಾಡಲು ಬಿಡಿ. ಗಮನ ಸೆಳೆಯಲೆಂದು ಮಾತಿನಡಿಯಲ್ಲಿ ತಮಟೆ ಸೇರಿಸಬೇಡಿ, ಅದು ಜಗಳವಾಡುವವರ ದನಿಯನ್ನೂ ನುಂಗುತ್ತದೆ. ಸ್ಪೀಕರೇ ಬೇಕೆಂದರೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು, ಅದಕ್ಕಾಗಿ ಮೊದಲೇ ಠಾಣೆಯಲ್ಲಿ ವಿಚಾರಿಸಿ.