ಪಾಲೆ ಕೆತ್ತೆ: ಕಹಿ ನೋಡಿ ಮರ ಗುರುತಿಸಬೇಡಿ

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಮಾಡಿ ಕುಡಿಯುವುದು ನಮ್ಮ ತುಳುನಾಡಿನ ರೂಢಿ. ಅದರ ಬಗ್ಗೆ ಮೂರು ಪ್ರಶ್ನೆ ಕೇಳಿದ್ದೀರಿ. ಕೆತ್ತೆಗೆ ಕತ್ತಿ ತಾಗಿಸಬಾರದಾ, ಜಾಸ್ತಿ ಕುದಿಸಿದರೆ ಸತ್ವ ಹೋಗುತ್ತದಾ, ಅಕಸ್ಮಾತ್ ಬೇರೆ ಮರದ್ದಾದರೆ ಕುದಿಸಿದಾಗ ವಿಷ ನಾಶವಾಗುತ್ತದಾ. ಕೊನೆಯದಕ್ಕೆ ಮೊದಲು ಉತ್ತರ: ನಾಶವಾಗುವುದಿಲ್ಲ.

ನಮ್ಮ ಉಡುಪಿ, ಮಂಗಳೂರು ಕಡೆ ಪಾಲೆಯೂ ಇದೆ, ಕಾಸರಕ ಎಂಬ ವಿಷದ ಮರವೂ ಇದೆ. ನಸುಕಿನ ಕತ್ತಲೆ, ಮೇಲಿಂದ ಮಳೆ. ತೊಗಟೆ ಮಾತ್ರ ನೋಡಿದರೆ ಯಾರಿಗೂ ಗೊಂದಲ ಆಗುತ್ತದೆ. ಕಾಸರಕದ ಬೀಜದಲ್ಲಷ್ಟೇ ಅಲ್ಲ, ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷದ ಆಲ್ಕಲಾಯ್ಡ್‌ಗಳಿವೆ (ಗಿಡಮರಗಳು ತಯಾರಿಸುವ ಒಂದು ಬಗೆಯ ರಾಸಾಯನಿಕಗಳು). ಕುದಿಯುವ ನೀರಿನ ಬಿಸಿಗೆ ಸ್ಟ್ರಿಕ್ನಿನ್ ಹಾಳಾಗುವುದಿಲ್ಲ. ಬದಲಿಗೆ ಕಷಾಯಕ್ಕೆ ಇಳಿಯುತ್ತದೆ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳ ಬಿಗಿತಕ್ಕೆ ತಡೆ ಹಾಕುವ ಗ್ಲೈಸಿನ್ ಎಂಬ ರಾಸಾಯನಿಕ ಇರುತ್ತದಲ್ಲ, ಅದು ಕೂರುವ ಜಾಗವನ್ನೇ ಸ್ಟ್ರಿಕ್ನಿನ್ ಅಡ್ಡಗಟ್ಟುತ್ತದೆ. ಕುತ್ತಿಗೆ, ದವಡೆ ಬಿಗಿಯುತ್ತದೆ, ಮೈ ಸೆಟೆಯುತ್ತದೆ, ಪ್ರಜ್ಞೆ ಮಾತ್ರ ಇರುತ್ತದೆ. ಅಂಥ ಲಕ್ಷಣ ಕಂಡರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದೂ ಬೇಡ. ಉಳಿದ ಕೆತ್ತೆಯ ತುಂಡು ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ.

"ಕಹಿ ಇದೆ, ಹಾಗಾಗಿ ಪಾಲೆಯೇ" ಅನ್ನುವವರು ಸುಮಾರು ಜನ. ಸ್ಟ್ರಿಕ್ನಿನ್ ವಿಪರೀತ ಕಹಿ! ಪಾಲೆಯ ತೊಗಟೆಯಲ್ಲಿರುವ ಎಕಿಟಮಿನ್ ಎಂಬ ಆಲ್ಕಲಾಯ್ಡ್ ಕೂಡ ಅದರ ದೂರದ ನೆಂಟನೇ. ಎರಡನ್ನೂ ಆಯಾ ಮರ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೇ ತಯಾರಿಸುತ್ತದೆ. ನಾಲಿಗೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಎಲೆ ನೋಡಿ. ಪಾಲೆಯಲ್ಲಿ ಒಂದೇ ಗಂಟಿನಿಂದ ಸುತ್ತಲೂ ನಾಲ್ಕರಿಂದ ಹತ್ತು ಎಲೆ, ಹೆಚ್ಚಾಗಿ ಏಳು. ಕೆತ್ತಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಮೂರರಿಂದ ಐದು ನರ, ಹಾಲು ಇಲ್ಲ. ಹಾಲೊಂದನ್ನೇ ನಂಬಬೇಡಿ, ಬೇರೆ ಮರಗಳಲ್ಲೂ ಬರುತ್ತದೆ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಹಗ್ಗ ಕಟ್ಟಿ ಬನ್ನಿ, ಸಂಪ್ರದಾಯಕ್ಕೇನೂ ಭಂಗವಿಲ್ಲ.

ಇನ್ನು ಕತ್ತಿ. ತೊಗಟೆಯ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಅಷ್ಟೇ. ಆದರೂ ನಾನು ಕಲ್ಲಿನಲ್ಲೇ ಜಜ್ಜುತ್ತೇನೆ, ಅಜ್ಜಿ ಕಲಿಸಿದ ರೂಢಿ. ಸತ್ವದ ಚಿಂತೆ ಬೇಡ. ಎಕಿಟಮಿನ್ ನೀರಿಗೆ ಚೆನ್ನಾಗಿ ಇಳಿಯುವಂಥದ್ದು, ಗಂಟೆಗಟ್ಟಲೆ ಕಾಯಿಸಬೇಕಿಲ್ಲ. ಕರಿಮೆಣಸು, ಬೆಳ್ಳುಳ್ಳಿ, ಓಮ ನಿಮ್ಮ ಮನೆ ಪದ್ಧತಿಯಂತೆ ಹಾಕಿ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಕೊಡದಿರುವುದೇ ವಾಸಿ.

ಮಲೇರಿಯಾಕ್ಕೂ ಪಾಲೆ ಕಷಾಯವೇ ಸಾಕು ಅನ್ನುವವರೂ ಇದ್ದಾರೆ. ಮಲೇರಿಯಾದ ಮದ್ದು ಕ್ವಿನೈನ್ ಇರುವುದು ಸಿಂಕೋನಾ ಮರದಲ್ಲಿ, ಪಾಲೆಯಲ್ಲಿ ಅಲ್ಲ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ.